ಎಣಿಸಿದವನಿಗೆ ಸಲ್ಲಬೇಕಾದ ಪಾಲು

ಪ್ರೌಢಶಾಲೆಯಲ್ಲಿ ಓದುತ್ತಿರುವ ಯಾವ ವಿದ್ಯಾರ್ಥಿಯನ್ನಾದರೂ ಕರೆದು, ಡಿ.ಎನ್.ಎ. ಎಂಬ ವಸ್ತುವನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ, ವಾಟ್ಸನ್ ಮತ್ತು ಕ್ರಿಕ್, ೧೯೫೩ನೆಯ ಇಸವಿ ಎಂಬ ಉತ್ತರವು ಥಟ್ಟನೆ ಬರುವುದು. ಮಕ್ಕಳ ಮಾತು ಹಾಗಿರಲಿ. ಪದವೀಧರರಾದ ತಂದೆತಾಯಿಗಳೂ ಅದನ್ನೇ ಹೇಳುವರು. ಈ ಉತ್ತರದಲ್ಲಿ ಹೆಸರುಗಳು ನಿಜ, ಇಸವಿಯೂ ನಿಜ. ಒಟ್ಟು ವಾಕ್ಯವು ಮಾತ್ರ ಸುಳ್ಳು. ಆ ವಸ್ತುವನ್ನು ಮೊದಲು ಬೇರ್ಪಡಿಸಿದವನು ಬೇರೊಬ್ಬನು. ಅನುವಂಶಿಕ ಗುಣಗಳನ್ನು ಹೊರತಕ್ಕದ್ದು ಅದೇ ಎಂದು ತೋರಿಸಿಕೊಟ್ಟವನು ಇನ್ನೊಬ್ಬನು. ಅದರ ಘಟಕಗಳನ್ನು ಅಳೆದು, ಎಣಿಸಿ, ಅವುಗಳೊಳಗೆ ಅಡಗಿದ್ದ ನಿಯಮವನ್ನು ಬೆಳಕಿಗೆ ತಂದವನು ಮತ್ತೊಬ್ಬನು. ೧೯೫೩ರಲ್ಲಿ ತಿಳಿದುಬಂದುದು ಅದರ ಆಕಾರವು. ಈ ಮೂರನೆಯವನಾದ ಎರ್ವಿನ್ ಚಾರ್ಗಾಫ್ ಎಂಬ ಜೀವರಸಾಯನ ಶಾಸ್ತ್ರಜ್ಞನ ಪಕ್ಷವನ್ನು ಹಿಡಿದು ನಾಲ್ಕು ಮಾತುಗಳನ್ನು ಹೇಳಲು ಉದ್ದೇಶಿಸಿದ್ದೇನೆ. ಗತಿಸಿದವರಿಗೆ ಬಿರುದುಗಳನ್ನು ಹಂಚುವ ಜಗಳವೆಂದು ವಾಚಕ ಮಹಾಶಯರು ಇದನ್ನು ತಳ್ಳಿಹಾಕಬಾರದು. ಎಂತಹ ವಿದ್ಯಾಪರಿಶ್ರಮವು ಗೌರವಾರ್ಹವೆಂದು ನಾವು ನಮ್ಮ ಮಕ್ಕಳಿಗೆ ಕಲಿಸುತ್ತಿರುವೆವು ಎಂಬ ಪ್ರಶ್ನೆಯು ಇದರ ಒಳಗಿದೆ.

ಮೊದಲು ವೃತ್ತಾಂತವನ್ನು ಕ್ರಮವಾಗಿ ನಿರೂಪಿಸುವೆನು. ೧೮೬೯ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದಲ್ಲಿ ಫ್ರೀಡ್ರಿಕ್ ಮೀಷರ್ ಎಂಬ ಸ್ವಿಸ್ ತರುಣನು, ಆಸ್ಪತ್ರೆಯಿಂದ ತರಿಸಿಕೊಂಡ ಗಾಯದ ಪಟ್ಟಿಗಳಿಂದ ಕೀವನ್ನು ತೊಳೆದು ತೆಗೆದು, ಅದರ ಜೀವಕೋಶಗಳ ಕೇಂದ್ರದಿಂದ ರಂಜಕವುಳ್ಳ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದನು. ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟು, ೧೮೭೧ರಲ್ಲಿ ತನ್ನ ಲೇಖನವನ್ನು ಪ್ರಕಟಿಸಿದನು. ನಾವು ಇಂದು ಡಿ.ಎನ್.ಎ. ಎಂದು ಕರೆಯುವ ವಸ್ತುವಿನ ಪ್ರಥಮ ದರ್ಶನವು ಅದೇ. ಅನಂತರ ಬಂದ ರಸಾಯನಜ್ಞರು ಅದರಲ್ಲಿ ಒಂದು ಬಗೆಯ ಸಕ್ಕರೆ, ರಂಜಕಾಮ್ಲ, ಮತ್ತು ಅಡೆನಿನ್, ಗ್ವಾನಿನ್, ಸೈಟೊಸಿನ್, ಥೈಮಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳಿರುವುವೆಂದು ಗೊತ್ತುಮಾಡಿದರು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಫೀಬಸ್ ಲೆವೀನನು ಈ ಕ್ಷೇತ್ರದಲ್ಲಿ ಮಹಾಪಂಡಿತನು. ಅದರ ಸಕ್ಕರೆಯ ಸ್ವರೂಪವನ್ನು ನಿರ್ಣಯಿಸಿದವನು ಅವನೇ. ಆದರೆ ಆ ನಾಲ್ಕು ಪ್ರತ್ಯಾಮ್ಲಗಳು ಎಲ್ಲೆಡೆಯಲ್ಲಿಯೂ ಸಮಪ್ರಮಾಣದಲ್ಲಿದ್ದು, ನಾಲ್ಕರ ಗುಂಪುಗಳಾಗಿ ಸೇರಿರುವುವೆಂಬ ಊಹೆಯನ್ನು ಅವನು ಪ್ರತಿಪಾದಿಸಿದನು. ಲೋಕವು ಅದನ್ನು ಸಿದ್ಧಾಂತವೆಂದೇ ಸ್ವೀಕರಿಸಿತು.

ಈ ಊಹೆಯಿಂದ ಆದ ಅನರ್ಥವು ಎಂತಹದೆಂಬುದನ್ನು ಒಂದು ದೃಷ್ಟಾಂತದಿಂದ ಹೇಳುವೆನು. ಒಂದು ಓಲೆಗರಿಯ ಕಟ್ಟಿನಲ್ಲಿ ಮೊದಲಿನಿಂದ ಕೊನೆಯವರೆಗೆ ಕ, ಗ, ಚ, ಜ ಎಂಬ ನಾಲ್ಕೇ ಅಕ್ಷರಗಳು ಅದೇ ಕ್ರಮದಲ್ಲಿ ಮರಳಿ ಮರಳಿ ಬರೆದಿವೆ ಎಂದು ಯಾರಾದರೂ ಹೇಳಿದರೆ, ಅದನ್ನು ಬಿಚ್ಚಿ ನೋಡುವ ಶ್ರಮವನ್ನು ಯಾರು ವಹಿಸುವರು? ಅದರಲ್ಲಿ ಕಾವ್ಯವೂ ಇರದು, ಶಾಸ್ತ್ರವೂ ಇರದು. ಅಂತೆಯೇ ಡಿ.ಎನ್.ಎ. ಎಂಬುದು ಅರ್ಥಹೀನವಾದ ಪುನರುಕ್ತಿಯೆಂದು ಭಾವಿಸಿ, ಅನುವಂಶಿಕತೆಯ ರಹಸ್ಯವು ಪ್ರೋಟೀನುಗಳಲ್ಲಿಯೇ ಇರಬೇಕೆಂದು ಬಹುಮಂದಿ ವಿದ್ವಾಂಸರು ನಂಬಿದ್ದರು.

೧೯೪೪ರಲ್ಲಿ ಅದೇ ರಾಕ್‌ಫೆಲ್ಲರ್ ಸಂಸ್ಥೆಯ ಆಸ್ವಾಲ್ಡ್ ಏವರಿಯು, ಮ್ಯಾಕ್ಲಿಯಾಡ್ ಮತ್ತು ಮೆಕಾರ್ಟಿ ಎಂಬ ಸಹೋದ್ಯೋಗಿಗಳೊಡನೆ ಒಂದು ಲೇಖನವನ್ನು ಪ್ರಕಟಿಸಿದನು. ನ್ಯುಮೋನಿಯಾ ರೋಗವನ್ನುಂಟುಮಾಡುವ ಬ್ಯಾಕ್ಟೀರಿಯಗಳಲ್ಲಿ ಒಂದು ಬಗೆಯದರಿಂದ ತೆಗೆದ ಶುದ್ಧವಾದ ಡಿ.ಎನ್.ಎ.ಯನ್ನು ನಿರುಪದ್ರವಿಯಾದ ಇನ್ನೊಂದು ಬಗೆಗೆ ಸೇರಿಸಿದರೆ, ಎರಡನೆಯದು ಮೊದಲನೆಯದರ ಗುಣವನ್ನು ಪಡೆಯುವುದಲ್ಲದೆ ತನ್ನ ಸಂತತಿಗೂ ಅದನ್ನು ಕೊಡುವುದೆಂದು ಅದರಲ್ಲಿ ಸ್ಥಾಪಿತವಾಯಿತು. ಅನೇಕರು ಇದನ್ನು ಸಂಶಯದಿಂದ ನೋಡಿದರು. ಓದಿದೊಡನೆಯೇ ಅದರ ಮಹತ್ತ್ವವನ್ನರಿತು, ತಾನು ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಈ ಕಡೆಗೆ ತಿರುಗಿದವರಲ್ಲಿ ಚಾರ್ಗಾಫನು ಪ್ರಮುಖನು.

ಈತನು ೧೯೦೫ನೆಯ ಆಗಸ್ಟ್ ೧೧ರಂದು, ಆಗ ಆಸ್ಟ್ರಿಯಾ ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದು ಈಗ ಯುಕ್ರೇನ್ ದೇಶದಲ್ಲಿರುವ ಚೆರ್ನೊವಿಟ್ಸ್ ಪಟ್ಟಣದಲ್ಲಿ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದನು. ೧೯೧೪ರಲ್ಲಿ ಯುದ್ಧವು ತೊಡಗಲು ಕುಟುಂಬವು ವಿಯೆನ್ನಾ ನಗರಕ್ಕೆ ಹೋಯಿತು. ಅಲ್ಲಿಯೇ ಅವನ ವಿದ್ಯಾಭ್ಯಾಸವು. ೧೯೨೮ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರ್ ಪದವಿಯು. ಆದರೆ ಅವನ ಮನಸ್ಸು ಸಾಹಿತ್ಯದಲ್ಲಿಯೂ ಅಷ್ಟೇ ನೆಟ್ಟಿತ್ತು. ಕಾರ್ಲ್ ಕ್ರೌಸ್ ಎಂಬ ನಿಷ್ಠುರ ವಿಮರ್ಶಕನ ಸಾರ್ವಜನಿಕ ವಾಚನಗಳಿಗೆ ಹೋಗಿ ಕುಳಿತು ಕೇಳುತ್ತಿದ್ದನು. ಮಾತಿನಲ್ಲಿ ಸಡಿಲವಿದ್ದರೆ ವಿಚಾರದಲ್ಲಿಯೂ ಸಡಿಲವಿರುವುದೆಂಬ ಶಿಕ್ಷಣವನ್ನು ಅಲ್ಲಿ ಪಡೆದನು. ಬಳಿಕ ಎರಡು ವರ್ಷ ಅಮೆರಿಕೆಯ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಕ್ಷಯರೋಗದ ಬ್ಯಾಕ್ಟೀರಿಯಗಳ ಕೊಬ್ಬಿನ ಪರಿಶೋಧನೆಯನ್ನು ಮಾಡಿ, ೧೯೩೦ರಲ್ಲಿ ಬರ್ಲಿನ್ನಿಗೆ ಬಂದನು. ೧೯೩೩ರಲ್ಲಿ ನಾಜಿಗಳು ಅಧಿಕಾರಕ್ಕೆ ಬರಲು ಆ ದೇಶವನ್ನು ತ್ಯಜಿಸಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದನು. ೧೯೩೫ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ನೆಲೆಸಿದನು. ವಿಯೆನ್ನಾದಲ್ಲಿ ಉಳಿದಿದ್ದ ಅವನ ತಾಯಿಯನ್ನು ನಾಜಿಗಳು ಗಡೀಪಾರು ಮಾಡಿದರು; ಆಕೆಯು ಹಿಂತಿರುಗಲಿಲ್ಲ. ಕೊಲಂಬಿಯಾದಲ್ಲಿಯೇ ಉಪಾಧ್ಯಾಯನಾಗಿದ್ದು, ೧೯೭೪ರಲ್ಲಿ ನಿವೃತ್ತನಾಗಿ, ೨೦೦೨ನೆಯ ಜೂನ್ ೨೦ರಂದು ತನ್ನ ತೊಂಬತ್ತಾರನೆಯ ವಯಸ್ಸಿನಲ್ಲಿ ಅವನು ಕಾಲವಾದನು.

ಇನ್ನು ಅವನ ಕಾರ್ಯವನ್ನು ನೋಡುವ. ಡಿ.ಎನ್.ಎ.ಯು ಅನುವಂಶಿಕ ಗುಣಗಳನ್ನು ಹೊರುವುದು ನಿಜವಾದರೆ, ಒಂದೊಂದು ಜೀವಜಾತಿಯ ಡಿ.ಎನ್.ಎ.ಯೂ ಒಂದೊಂದು ಬಗೆಯಾಗಿರಲೇಬೇಕು ಎಂದು ಅವನು ತರ್ಕಿಸಿದನು. ಇದನ್ನು ಪರೀಕ್ಷಿಸಬೇಕಾದರೆ ಅತ್ಯಲ್ಪ ಪ್ರಮಾಣದ ವಸ್ತುವಿನಲ್ಲಿ ನಾಲ್ಕು ಪ್ರತ್ಯಾಮ್ಲಗಳನ್ನು ಬೇರೆಬೇರೆಯಾಗಿ ಅಳೆಯುವ ವಿಧಾನವು ಬೇಕು. ಅಂತಹ ವಿಧಾನವು ಆಗ ಇರಲಿಲ್ಲ. ಅರ್ನ್ಸ್ಟ್ ವಿಷರ್ ಎಂಬವನೊಡಗೂಡಿ ಅವನು ಅದನ್ನು ಸಿದ್ಧಪಡಿಸಿದನು. ಮಾರ್ಟಿನ್ ಮತ್ತು ಸಿಂಜ್ ಎಂಬ ಆಂಗ್ಲ ವಿಜ್ಞಾನಿಗಳು ಪ್ರೋಟೀನುಗಳ ಪರೀಕ್ಷೆಗಾಗಿ ಆಗತಾನೆ ಬಳಕೆಗೆ ತಂದಿದ್ದ ಸೋಸುಕಾಗದದ ಕ್ರಮವನ್ನು ಇದಕ್ಕೆ ಅಳವಡಿಸಿದನು. ಡಿ.ಎನ್.ಎ.ಯನ್ನು ಆಮ್ಲದಿಂದ ಒಡೆದು, ಅದರ ಒಂದು ಹನಿಯನ್ನು ಕಾಗದದ ಮೇಲೆ ಇಟ್ಟು ದ್ರಾವಕವನ್ನು ಹರಿಯಬಿಟ್ಟರೆ, ನಾಲ್ಕು ಪ್ರತ್ಯಾಮ್ಲಗಳು ನಾಲ್ಕು ಬೇರೆಬೇರೆ ದೂರಗಳಿಗೆ ಹೋಗಿ ನಿಲ್ಲುವುವು. ಆ ಆ ಭಾಗವನ್ನು ಕತ್ತರಿಸಿ ತೊಳೆದು, ಅದು ಅತಿನೇರಳೆ ಕಿರಣಗಳನ್ನು ಎಷ್ಟು ಹೀರುವುದೆಂದು ನೋಡಿ ಪ್ರಮಾಣವನ್ನು ನಿರ್ಣಯಿಸುವುದು. ಹೇಳುವುದಕ್ಕೆ ಇದು ಎರಡು ವಾಕ್ಯ. ಮಾಡುವುದಕ್ಕೆ ಹಲವು ವರ್ಷಗಳಾದುವು. ಕರುವಿನ ಥೈಮಸ್ ಗ್ರಂಥಿ, ಯೀಸ್ಟ್, ಕ್ಷಯರೋಗದ ಬ್ಯಾಕ್ಟೀರಿಯ, ಮನುಷ್ಯ ಎಂದು ಒಂದೊಂದರ ಡಿ.ಎನ್.ಎ.ಯನ್ನೂ ಹೀಗೆ ಮತ್ತೆ ಮತ್ತೆ ಅಳೆಯಬೇಕಾಯಿತು.

೧೯೫೦ರಲ್ಲಿ ಅವನು ಈ ಫಲಿತಾಂಶಗಳನ್ನೆಲ್ಲ ಒಂದು ಲೇಖನದಲ್ಲಿ ಸಂಗ್ರಹಿಸಿಕೊಟ್ಟನು. ಒಂದು ಜೀವಜಾತಿಯ ಯಾವ ಅಂಗದಿಂದ ತೆಗೆದರೂ ಡಿ.ಎನ್.ಎ.ಯ ಪ್ರಮಾಣಗಳು ಒಂದೇ. ಜಾತಿಯು ಬೇರೆಯಾದರೆ ಪ್ರಮಾಣಗಳೂ ಬೇರೆ. ಮನುಷ್ಯನಲ್ಲಿ ನೂರಕ್ಕೆ ಸುಮಾರು ೩೦ ಅಡೆನಿನ್, ೩೦ ಥೈಮಿನ್, ೨೦ ಗ್ವಾನಿನ್, ೨೦ ಸೈಟೊಸಿನ್. ಕ್ಷಯರೋಗದ ಬ್ಯಾಕ್ಟೀರಿಯದಲ್ಲಿ ಅಡೆನಿನ್ ಸುಮಾರು ೧೫, ಥೈಮಿನ್ ೧೫. ಗ್ವಾನಿನ್ ಸುಮಾರು ೩೫, ಸೈಟೊಸಿನ್ ೩೫. ಸಮಪ್ರಮಾಣದ ಊಹೆಯು ಇಲ್ಲಿಗೆ ಮುರಿದುಬಿದ್ದಿತು. ಓಲೆಗರಿಯ ಕಟ್ಟು ಪುನರುಕ್ತಿಯಲ್ಲ, ಗ್ರಂಥವಾಗಿರಬಲ್ಲುದು ಎಂಬುದಕ್ಕೆ ರಸಾಯನಶಾಸ್ತ್ರದ ಸಾಕ್ಷ್ಯವು ದೊರೆಯಿತು. ಇನ್ನೊಂದು ಆಶ್ಚರ್ಯವು ಅದೇ ಅಂಕಿಗಳಲ್ಲಿತ್ತು: ಜಾತಿಜಾತಿಗೆ ಎಷ್ಟೇ ವ್ಯತ್ಯಾಸವಿದ್ದರೂ, ಎಲ್ಲೆಡೆಯಲ್ಲಿಯೂ ಅಡೆನಿನ್ ಥೈಮಿನ್ನಿಗೆ ಸಮ, ಗ್ವಾನಿನ್ ಸೈಟೊಸಿನ್ನಿಗೆ ಸಮ. ಇದಕ್ಕೆ ಚಾರ್ಗಾಫನ ನಿಯಮವೆಂದು ಹೆಸರು.

೧೯೫೨ರ ಮೇ ತಿಂಗಳಿನಲ್ಲಿ ಅವನು ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ಹೋದಾಗ ವಾಟ್ಸನ್ ಮತ್ತು ಕ್ರಿಕ್ಕರನ್ನು ಕಂಡು ಈ ನಿಯಮವನ್ನು ವಿವರಿಸಿದನು. ನಾಲ್ಕು ಪ್ರತ್ಯಾಮ್ಲಗಳ ರಚನೆಯು ಕ್ರಿಕ್ಕನಿಗೆ ಆಗ ಬಾಯಿಗೆ ಬರಲಿಲ್ಲವಂತೆ. ಚಾರ್ಗಾಫನಿಗೆ ಅವರ ವಿಷಯದಲ್ಲಿ ಹುಟ್ಟಿದ ಅನಾದರವು ಕಡೆಯವರೆಗೂ ಹೋಗಲಿಲ್ಲ. ೧೯೫೩ನೆಯ ಏಪ್ರಿಲ್ ೨೫ರಂದು ಆ ಇಬ್ಬರ ಲೇಖನವು ಪ್ರಕಟವಾಯಿತು. ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡಿರುವುವು. ಒಂದರ ಅಡೆನಿನ್ನಿಗೆ ಎದುರಾಗಿ ಇನ್ನೊಂದರ ಥೈಮಿನ್, ಗ್ವಾನಿನ್ನಿಗೆ ಎದುರಾಗಿ ಸೈಟೊಸಿನ್ ಇರುವುವು. ಸಮಪ್ರಮಾಣದ ಕಾರಣವು ಇದರಿಂದ ಸ್ಪಷ್ಟವಾಯಿತು. ೧೯೬೨ರಲ್ಲಿ ಅವರಿಬ್ಬರಿಗೂ ಮಾರಿಸ್ ವಿಲ್ಕಿನ್ಸನಿಗೂ ನೊಬೆಲ್ ಬಹುಮಾನವು ಬಂದಿತು. ಕ್ಷಕಿರಣ ಚಿತ್ರಗಳಿಂದ ಆಕಾರಕ್ಕೆ ಪ್ರಬಲವಾದ ಆಧಾರವನ್ನು ಒದಗಿಸಿದ್ದ ರೋಸಲಿಂಡ್ ಫ್ರಾಂಕ್ಲಿನ್ ಎಂಬ ವಿದುಷಿಯು ೧೯೫೮ರಲ್ಲಿಯೇ ತೀರಿಕೊಂಡಿದ್ದಳು. ಏವರಿಯು ೧೯೫೫ರಲ್ಲಿ ಬಹುಮಾನವಿಲ್ಲದೆಯೇ ಗತಿಸಿದ್ದನು. ಚಾರ್ಗಾಫನು ಜೀವಿಸಿದ್ದನು, ಅವನ ಹೆಸರು ಬಹುಮಾನಿತರಲ್ಲಿರಲಿಲ್ಲ.

ಇಷ್ಟು ವೃತ್ತಾಂತವು. ಇನ್ನು ಪೂರ್ವಪಕ್ಷಗಳನ್ನು ಒಂದೊಂದಾಗಿ ವಿಚಾರಿಸುವೆನು.

ಚಾರ್ಗಾಫನು ಅಂಕಿಗಳನ್ನು ಕಂಡನೇ ಹೊರತು ಅವುಗಳ ಅರ್ಥವನ್ನು ಕಾಣಲಿಲ್ಲ. ಅರ್ಥವನ್ನು ಕಂಡವರಿಗೇ ಕೀರ್ತಿಯು ಸಲ್ಲತಕ್ಕದ್ದು ಎಂಬುದು ಮೊದಲನೆಯ ಪೂರ್ವಪಕ್ಷವು. ಇದರಲ್ಲಿ ಅರ್ಧ ನಿಜವಿದೆ. ಅದನ್ನು ಮುಚ್ಚಿಡುವುದು ವಾದಧರ್ಮವಲ್ಲ. ಈ ಸಮತೆಯು ಆಕಸ್ಮಿಕಕ್ಕಿಂತ ಹೆಚ್ಚಿನದೋ ಎಂಬುದನ್ನು ಇನ್ನೂ ಹೇಳಲಾಗದೆಂದು ೧೯೫೦ರ ಲೇಖನದಲ್ಲಿ ಅವನೇ ಬರೆದನು. ಜೋಡಿಯ ಕಲ್ಪನೆಯು ಅವನದಲ್ಲ. ಅದರ ಯಶಸ್ಸು ಕೇಂಬ್ರಿಜ್ಜಿನವರದೇ. ಆದರೆ ಆ ಯಶಸ್ಸು ಬಂದುದು ಹೇಗೆ? ೧೯೫೧ರಲ್ಲಿ ಅವರು ಕಟ್ಟಿದ ಮೊದಲನೆಯ ಮಾದರಿಯಲ್ಲಿ ಮೂರು ಎಳೆಗಳಿದ್ದುವು, ಅದು ತಪ್ಪಾಯಿತು. ೧೯೫೩ರ ಆರಂಭದಲ್ಲಿ ವಾಟ್ಸನನು ಅಡೆನಿನ್ನಿಗೆ ಅಡೆನಿನ್ನನ್ನೇ, ಥೈಮಿನ್ನಿಗೆ ಥೈಮಿನ್ನನ್ನೇ ಜೋಡಿಸಿದನು, ಅದೂ ತಪ್ಪಾಯಿತು. ಪ್ರತ್ಯಾಮ್ಲಗಳ ಸರಿಯಾದ ರೂಪವನ್ನು ಜೆರಿ ಡಾನಹ್ಯೂ ಎಂಬ ರಸಾಯನಜ್ಞನು ತೋರಿಸಿಕೊಡಬೇಕಾಯಿತು. ಸಜಾತಿಗಳ ಜೋಡಿಯಿಂದ ಚಾರ್ಗಾಫನ ಸಮತೆಗೆ ಯಾವ ಕಾರಣವೂ ದೊರೆಯುತ್ತಿರಲಿಲ್ಲ. ವಿಜಾತಿಗಳ ಜೋಡಿಯಿಂದ ದೊರೆಯಿತು. ಊಹೆಗಳು ಹಲವಿದ್ದಾಗ ಇದು ಸರಿ, ಅದು ತಪ್ಪು ಎಂದು ತೀರ್ಪು ಕೊಡಬಲ್ಲ ಪ್ರಮಾಣವು ಆ ಅಂಕಿಗಳಲ್ಲಿದ್ದಿತು. ನ್ಯಾಯಶಾಸ್ತ್ರವನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ: ಪ್ರಮಾಣವಿಲ್ಲದೆ ಪ್ರಮೇಯವು ಸಿದ್ಧಿಸುವುದಿಲ್ಲ. ಆ ಇಬ್ಬರೂ ತಮ್ಮ ಲೇಖನದಲ್ಲಿ ಚಾರ್ಗಾಫನ ಕೃತಿಯನ್ನು ಉಲ್ಲೇಖಿಸಿರುವರು. ಅವರು ಸ್ಮರಿಸಿದುದನ್ನು ಅವರ ಸ್ತೋತ್ರಪಾಠಕರು ಮರೆತಿರುವರು.

ಆಕಸ್ಮಿಕವೋ ಅಲ್ಲವೋ ಹೇಳಲಾಗದೆಂದು ಅವನು ಬರೆದುದು ಅವನ ಬುದ್ಧಿಯ ಕೊರತೆಯೆಂದು ಕೆಲವರು ನಗುವರು. ನಾನು ಅದನ್ನು ಅವನ ಗುಣವೆಂದು ಎಣಿಸುವೆನು. ಹಿಂದಿನ ಪೀಳಿಗೆಯ ಮಹಾಪಂಡಿತನೊಬ್ಬನು ಸಾಕಷ್ಟು ಅಳೆಯದೆ ಸಮಪ್ರಮಾಣವೆಂದು ನುಡಿದುದರಿಂದ ಇಡೀ ಶಾಸ್ತ್ರವು ಹಲವು ವರ್ಷ ದಾರಿ ತಪ್ಪಿರಲಿಲ್ಲವೆ? ಅದನ್ನು ಸರಿಪಡಿಸಲು ಹೊರಟವನು ತಾನೂ ಹಾಗೆಯೇ ನುಡಿಯಬೇಕಾಗಿತ್ತೆ? ತನಗೆ ತಿಳಿದಷ್ಟನ್ನು ಹೇಳಿ ತಿಳಿಯದ ಕಡೆ ನಿಲ್ಲುವುದು ವಿದ್ವಾಂಸನ ಲಕ್ಷಣವೆಂದು ತರಗತಿಯಲ್ಲಿ ಉಪದೇಶಿಸುವ ನಾವು, ಹಾಗೆ ನಿಂತವನನ್ನು ಪರಿಹಾಸ್ಯ ಮಾಡುವುದು ಯಾವ ನ್ಯಾಯ?

ಬಹುಮಾನವೇ ಯೋಗ್ಯತೆಯ ಅಳತೆ. ಅದು ಬಾರದವನು ಎರಡನೆಯ ತರಗತಿಯವನೇ ಎಂಬುದು ಎರಡನೆಯ ಪೂರ್ವಪಕ್ಷವು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ನಮ್ಮ ಪಾಠಕ್ರಮವು ಹೇಳುತ್ತದೆ. ನೊಬೆಲ್ ಬಹುಮಾನದ ನಿಬಂಧನೆಯಂತೆ ಒಂದು ಬಹುಮಾನವನ್ನು ಮೂವರಿಗಿಂತ ಹೆಚ್ಚು ಜನರಿಗೆ ಹಂಚುವಂತಿಲ್ಲ. ಹಂಚುವವರ ಅನುಕೂಲಕ್ಕಾಗಿ ಮಾಡಿಕೊಂಡ ಈ ಕಟ್ಟಳೆಯನ್ನು ನಾವು ಸತ್ಯದ ಕಟ್ಟಳೆಯನ್ನಾಗಿ ಮಾಡಿಕೊಂಡಿರುವೆವು. ಏವರಿಗೆ ಬಹುಮಾನವು ಬಾರದುದರಿಂದ ಡಿ.ಎನ್.ಎ.ಯು ಅನುವಂಶಿಕತೆಯನ್ನು ಹೊರುವುದು ನಿಂತಿತೆ? ಅಮೆರಿಕ ಸರಕಾರವು ೧೯೭೪ನೆಯ ಸಾಲಿನ ರಾಷ್ಟ್ರೀಯ ವಿಜ್ಞಾನ ಪದಕವನ್ನು ಚಾರ್ಗಾಫನಿಗೆ ಕೊಟ್ಟಿತು. ಅದನ್ನೂ ನಾನು ಅವನ ಯೋಗ್ಯತೆಗೆ ಸಾಕ್ಷಿಯೆಂದು ಹೇಳುವುದಿಲ್ಲ. ಅವನ ಅಂಕಿಗಳು ಇಂದಿಗೂ ನಿಂತಿರುವುದೇ ಸಾಕ್ಷಿಯು. ನಮ್ಮ ಪಾಠಪುಸ್ತಕಗಳಲ್ಲಿ ಅವನ ಹೆಸರು ಇಲ್ಲವೆಂದು ನಾನು ಹೇಳೆನು. ಒಂದು ವಾಕ್ಯದಲ್ಲಿ, ಒಂದು ನಿಯಮದ ವಿಶೇಷಣವಾಗಿ ಬರುವುದು. ಆ ನಿಯಮಕ್ಕೆ ಎಷ್ಟು ವರ್ಷಗಳು ಹಿಡಿದುವು, ಹೇಗೆ ಅಳೆದರು, ಯಾವ ತಪ್ಪು ಊಹೆಯು ಅದರಿಂದ ಉರುಳಿತು ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ಬಡಿಸಿದವನ ಕೈಯನ್ನು ಹೊಗಳಿ ಅಡಿಗೆಯವನನ್ನು ಒಲೆಯ ಹಿಂದೆಯೇ ಬಿಟ್ಟಂತಾಯಿತು.

ಮೂರನೆಯ ಪೂರ್ವಪಕ್ಷವು ನಮ್ಮ ಮನೆಯೊಳಗಿನದು; ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನನ್ನಂತಹವನೇ ಅದಕ್ಕೆ ಉತ್ತರ ಹೇಳಬೇಕು. ಇದೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದಿತ್ತು ಎಂದು ಕೆಲವರು ಹೇಳುವರು. ಅಶ್ವತ್ಥಕಟ್ಟೆಯ ನಾಗರಕಲ್ಲಿನಲ್ಲಿ ಹೆಣೆದುಕೊಂಡಿರುವ ಎರಡು ಸರ್ಪಗಳನ್ನು ತೋರಿಸಿ, ಡಿ.ಎನ್.ಎ.ಯ ಎರಡು ಎಳೆಗಳು ಇವೇ ಅಲ್ಲವೇ ಎನ್ನುವರು. ನಾಗರಕಲ್ಲಿಗೆ ನಾನೂ ಕೈಮುಗಿಯುವವನೇ. ಆದರೆ ಆ ಎರಡು ಸರ್ಪಗಳಲ್ಲಿ ಅಡೆನಿನ್ ಎಷ್ಟು, ಥೈಮಿನ್ ಎಷ್ಟು ಎಂದು ಅಳೆದ ಶಿಲ್ಪಿಯು ಯಾರು? ಆಕಾರದ ಸಾದೃಶ್ಯವು ಜ್ಞಾನವಾಗುವುದಾದರೆ, ಹೆಣೆದ ಜಡೆಯನ್ನೂ ಹೊಸೆದ ಹಗ್ಗವನ್ನೂ ಜೀವಶಾಸ್ತ್ರವೆನ್ನಬೇಕಾದೀತು. ಇಂತಹ ಮಾತುಗಳಿಂದ ಎರಡು ಅಪಚಾರಗಳಾಗುವುವು: ವರ್ಷಗಟ್ಟಲೆ ಶ್ರಮಿಸಿದವರ ಶ್ರಮಕ್ಕೆ ಒಂದು, ಭಕ್ತಿಯಿಂದ ಕಲ್ಲನ್ನು ಕಡೆದವನ ಭಕ್ತಿಗೆ ಇನ್ನೊಂದು. ಅವನು ಸಂತಾನವನ್ನೂ ಕ್ಷೇಮವನ್ನೂ ಬೇಡಿ ಕಲ್ಲನ್ನು ನಿಲ್ಲಿಸಿದನು. ಅವನಿಗೆ ಇಲ್ಲದ ರಸಾಯನಶಾಸ್ತ್ರವನ್ನು ಅವನ ತಲೆಗೆ ಕಟ್ಟುವುದೇಕೆ?

ಪೂರ್ವಿಕರ ಹೆಮ್ಮೆಯನ್ನು ಹೇಳಲೇಬೇಕಾದರೆ, ಅದಕ್ಕೆ ನಿಜವಾದ ಸ್ಥಳವಿದೆ. ವೇದದ ಒಂದಕ್ಷರವೂ ಕೆಡದಂತೆ ಕಾಪಾಡುವುದಕ್ಕಾಗಿ ಅವರು ಪದಪಾಠವನ್ನು ಮಾಡಿದರು. ಒಂದೊಂದು ಪದವನ್ನೂ ಅದರ ಮುಂದಿನ ಪದದೊಡನೆ ಜೋಡಿಸಿ ಹೇಳುವ ಕ್ರಮಪಾಠವನ್ನು ಮಾಡಿದರು. ಹಿಂದುಮುಂದಾಗಿ ಹೇಳುವ ಜಟಾಪಾಠ, ಘನಪಾಠಗಳನ್ನು ಮಾಡಿದರು. ಕಾತ್ಯಾಯನನ ಸರ್ವಾನುಕ್ರಮಣಿಯಲ್ಲಿ ಋಗ್ವೇದದ ಒಂದೊಂದು ಸೂಕ್ತದಲ್ಲಿಯೂ ಎಷ್ಟು ಋಕ್ಕುಗಳಿರುವುವೆಂದು ಎಣಿಸಿ ಬರೆದಿದೆ. ಇದರಲ್ಲಿ ಡಿ.ಎನ್.ಎ. ಇಲ್ಲ, ಎಣಿಕೆಯ ಶ್ರದ್ಧೆಯಿದೆ. ಎಣಿಸಿದವನು ಸೂಕ್ತವನ್ನು ಕಂಡ ಋಷಿಯಲ್ಲ. ಆದರೂ ಪರಂಪರೆಯು ಅವನನ್ನು ಕಡೆಗಣಿಸಲಿಲ್ಲ, ಅವನ ಗ್ರಂಥವನ್ನೂ ಉಳಿಸಿಕೊಂಡಿತು. ಅಂತಹ ಪರಂಪರೆಯವರಾದ ನಾವು, ಪ್ರಕೃತಿಯ ಗ್ರಂಥದ ಅಕ್ಷರಗಳನ್ನು ಮೊದಲು ಸರಿಯಾಗಿ ಎಣಿಸಿದವನನ್ನು ಇತರರಿಗಿಂತ ಮೊದಲು ಗುರುತಿಸಬೇಕಾಗಿತ್ತು. ನಾಗರಕಲ್ಲಿನ ಕಡೆ ಬೆರಳು ತೋರಿಸುವುದಕ್ಕಿಂತ ಅದು ಪೂರ್ವಿಕರಿಗೆ ಹೆಚ್ಚಿನ ಮರ್ಯಾದೆಯಾಗುತ್ತಿತ್ತು.

ಕೊನೆಯದಾಗಿ ಒಂದು ಆಕ್ಷೇಪವು. ಚಾರ್ಗಾಫನು ಬಹುಮಾನ ಬಾರದುದರಿಂದ ಕಹಿಯಾದ ಮುದುಕನು. ಹೊಸ ವಿಜ್ಞಾನವನ್ನೆಲ್ಲ ಹಳಿಯುತ್ತಿದ್ದನು. ಅವನ ಮಾತಿಗೆ ಬೆಲೆಯೇನು ಎನ್ನುವರು. ಅವನ ಲೇಖನಿಯು ತೀಕ್ಷ್ಣವಾಗಿತ್ತು, ನಿಜ. ೧೯೭೮ರಲ್ಲಿ ಪ್ರಕಟವಾದ ಅವನ ಆತ್ಮಕಥೆಯಲ್ಲಿ ಆ ತೀಕ್ಷ್ಣತೆಯು ಪುಟಪುಟದಲ್ಲಿಯೂ ಇದೆ. ಆದರೆ ಮಾತಿನ ಕಹಿಯನ್ನು ನೋಡಿ ಮಾತಿನ ತಥ್ಯವನ್ನು ಬಿಡಬಹುದೆ? ೧೯೭೬ರಲ್ಲಿ, ಒಂದು ಜೀವಿಯ ಡಿ.ಎನ್.ಎ.ಯನ್ನು ಇನ್ನೊಂದಕ್ಕೆ ಸೇರಿಸುವ ಕ್ರಮವು ಹೊಸದಾಗಿದ್ದಾಗ, ಅವನು ಒಂದು ವಿಜ್ಞಾನಪತ್ರಿಕೆಗೆ ಕಾಗದವನ್ನು ಬರೆದು ಎಚ್ಚರಿಸಿದನು: ಬೇರೆ ಸಾಹಸಗಳನ್ನು ಬೇಡವೆನಿಸಿದಾಗ ನಿಲ್ಲಿಸಬಹುದು, ಹೊಸದಾಗಿ ಹುಟ್ಟಿಸಿದ ಜೀವವನ್ನು ಹಿಂದಕ್ಕೆ ಕರೆಯಲಾಗದು ಎಂಬುದು ಅದರ ತಾತ್ಪರ್ಯವು. ಅವನ ಭಯವೆಲ್ಲವೂ ನಿಜವಾಗಲಿಲ್ಲ. ಅದೇ ಕ್ರಮದಿಂದ ಬ್ಯಾಕ್ಟೀರಿಯಗಳಲ್ಲಿ ತಯಾರಿಸಿದ ಇನ್ಸುಲಿನ್ ೧೯೮೨ರಿಂದ ಮಧುಮೇಹಿಗಳ ಪ್ರಾಣವನ್ನು ಉಳಿಸುತ್ತಿದೆ. ನಮ್ಮ ಮನೆಮನೆಗಳಲ್ಲಿಯೂ ಅದರ ಉಪಕಾರವನ್ನು ಪಡೆದವರಿರುವರು. ಆದರೆ ೨೦೧೮ರಲ್ಲಿ ಚೀನಾದೇಶದ ವಿಜ್ಞಾನಿಯೊಬ್ಬನು ಭ್ರೂಣಗಳ ಡಿ.ಎನ್.ಎ.ಯನ್ನು ತಿದ್ದಿ ಶಿಶುಗಳನ್ನು ಹುಟ್ಟಿಸಿರುವೆನೆಂದು ಪ್ರಕಟಿಸಿದಾಗ ಲೋಕದ ವಿಜ್ಞಾನಿಗಳೇ ಬೆಚ್ಚಿಬಿದ್ದರು. ೨೦೧೯ರಲ್ಲಿ ಅವನಿಗೆ ಮೂರು ವರ್ಷಗಳ ಕಾರಾಗೃಹವಾಸವಾಯಿತು. ಆ ಶಿಶುಗಳ ಮುಂದಿನ ಸಂತತಿಗೆ ಸಂಕ್ರಮಿಸಬಹುದಾದ ತಿದ್ದುಪಡಿಯನ್ನು ಯಾವ ನ್ಯಾಯಾಲಯವು ರದ್ದುಪಡಿಸಬಲ್ಲುದು? ಅಕ್ಷರವನ್ನು ಎಣಿಸಿ ತಿಳಿದವನಿಗೆ, ಅಕ್ಷರವನ್ನು ತಿದ್ದುವ ಕೈಯನ್ನು ಕಂಡು ಅಂಜಿಕೆಯುಂಟಾದುದು ಅಸೂಯೆಯಿಂದಲ್ಲ.

ಆದಕಾರಣ ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಈ ಪಾಠವು ಬಂದಾಗ ಮೊದಲು ಆ ಅಂಕಿಗಳನ್ನು ಹಲಗೆಯ ಮೇಲೆ ಬರೆಯಿರಿ: ಮನುಷ್ಯನವು, ಕ್ಷಯರೋಗದ ಬ್ಯಾಕ್ಟೀರಿಯದವು, ಒಂದರ ಪಕ್ಕದಲ್ಲಿ ಇನ್ನೊಂದು. ಹೆಸರನ್ನು ಹೇಳದೆ, ಚಿತ್ರವನ್ನು ತೋರಿಸದೆ, ಇವುಗಳಲ್ಲಿ ಏನು ಕಾಣುವುದೆಂದು ಮಕ್ಕಳನ್ನು ಕೇಳಿರಿ. ಸಮತೆಯನ್ನು ಅವರೇ ಕಂಡುಹಿಡಿಯಲಿ. ಆಮೇಲೆ ಎರಡು ಎಳೆಗಳ ಚಿತ್ರವನ್ನು ಬರೆಯಿರಿ. ಮೀಷರ್, ಏವರಿ, ಚಾರ್ಗಾಫ್, ಫ್ರಾಂಕ್ಲಿನ್, ವಾಟ್ಸನ್, ಕ್ರಿಕ್ ಎಂಬ ಹೆಸರುಗಳನ್ನು ಅವರವರ ಕಾರ್ಯದೊಡನೆ ಒಂದೇ ಪಂಕ್ತಿಯಲ್ಲಿ ಹೇಳಿರಿ. ಅದಕ್ಕೆ ಹತ್ತು ನಿಮಿಷಗಳಿಗಿಂತ ಹೆಚ್ಚು ಬೇಕಾಗದು. ಗೃಹಸ್ಥರಲ್ಲಿಯೂ ಒಂದು ಪ್ರಾರ್ಥನೆ. ನಿಮ್ಮ ಮಗನೋ ಮಗಳೋ ಪ್ರಯೋಗಶಾಲೆಯಲ್ಲಿ ಅದೇ ಅಳತೆಯನ್ನು ನೂರು ಸಲ ಮಾಡಿ ಬಳಲಿ ಮನೆಗೆ ಬಂದಾಗ, ಬಹುಮಾನವು ಎಂದು ಬರುವುದೆಂದು ಕೇಳಬೇಡಿರಿ. ಅಂಕಿಗಳು ಸರಿಬಂದುವೆ ಎಂದು ಕೇಳಿರಿ.